ಒದರುವ ಗಾಡಿ

ಹನುಮವ್ವನ ಮಟ್ಟಿಗೆ ಆ ವರ್ಷ ಪೋರ್ಚುಗಲ್ಲಿಗೆ ಶನಿ ಹಿಡಿದಿತ್ತು. ನಾಶಿಕದ ದ್ರಾಕ್ಷಿ ತೋಟಗಳಲ್ಲಿ ಕತ್ತರಿ ಹಿಡಿದು ಪಳಗಿದ ಗಂಡ ಧರ್ಮಣ್ಣ ಅಲ್ಲಿಯ ದ್ರಾಕ್ಷಿ ಗುಡ್ಡಗಳಿಗೆ ಕೂಲಿಗೆ ಹೋಗಿದ್ದ. ವಾಸದ ಕಾರ್ಡು ಸಿಕ್ಕರೆ ಅವಳನ್ನೂ ಕರೆಸಿಕೊಳ್ಳುವವನಿದ್ದ. ಅಷ್ಟರಲ್ಲಿ ಅಲ್ಲಿನ ಸರ್ಕಾರ ಬಿತ್ತು. ಆಮೇಲೊಂದು ದಿನ ಕರೆಂಟು ಹೋಗಿ ದೇಶಕ್ಕೆ ದೇಶವೇ ನಿಂತುಬಿಟ್ಟಿತು. ಚುನಾವಣೆ ಬಂತು. ಓಟು ಕೇಳುವವರಿಗೆ ಬಯ್ಯಲು ಎಲ್ಲ ಕಡೆಯೂ ಒಬ್ಬ ಬಡವ ಬೇಕು. ಅಲ್ಲಿ ಸಿಕ್ಕವರು ಧರ್ಮಣ್ಣನಂಥವರು. ಕಾರ್ಡಿಲ್ಲದವರು ದೇಶ ಬಿಡಬೇಕೆಂದು ನೋಟೀಸುಗಳು ಹೊರಟವು.

"ಪೊಲೀಸರು ಬಂದ್ರ ಏನ್ ಮಾಡ್ಲಿ?" ಎಂದು ಅವನು ಫೋನಿನಲ್ಲಿ ಕೇಳಿದ.

"ಸಂಭಾಜಿನಗರದಾಗ ಏನ್ ಮಾಡ್ತಿದ್ವಿ? ಅದನ್ನ ಮಾಡ್ರಿ."

ಸಂಭಾಜಿನಗರದಲ್ಲಿ ರಸ್ತೆ ಕೆಲಸಕ್ಕಿದ್ದಾಗ ಜೋಪಡಿ ಕೆಡವುವ ಗಾಡಿ ಮೈಕಿನ ಭೋಂಗಾ ಕಟ್ಟಿಕೊಂಡು, "ಖಾಲಿ ಕರಾ" ಎಂದು ಒದರುತ್ತ ಬರುತ್ತಿತ್ತು. ಹೊರಗೆ ಬಂದವರ ಜೋಪಡಿ ನೆಲಸಮ. ಒಳಗೇ ಕೂತವರ ಗೊಡವೆಗೆ ಯಾರೂ ಹೋಗುತ್ತಿರಲಿಲ್ಲ.

"ಚಿಲಕ ಹಾಕ್ಕೊಂಡು ಸುಮ್ನ ಕುಂದರ್ರಿ. ಯಾರು ಕರದ್ರೂ ತಗೀಬ್ಯಾಡ್ರಿ. ಒದರಿ ಒದರಿ ಗಾಡಿ ತಾನ ಹೋಗ್ತದ," ಎಂದಳು. ಧರ್ಮಣ್ಣ ಬಹಳ ದಿನಗಳ ಮೇಲೆ ನಕ್ಕ.

ಆಗಸ್ಟಿನಲ್ಲಿ ಅಲ್ಲಿಯ ಗುಡ್ಡಗಳಿಗೆ ಬೆಂಕಿ ಬಿತ್ತು. ನಾಶಿಕದಲ್ಲಿ ಜಡಿಮಳೆ. ಸಿಮೆಂಟು ಹೊರುತ್ತಿದ್ದ ಹನುಮವ್ವನಿಗೆ ಫೋನ್ ಬಂತು. ಧರ್ಮಣ್ಣನ ಕೋಣೆಯಲ್ಲೇ ಇದ್ದ ಮಹಿಬೂಬ ಅಳುತ್ತಿದ್ದ.

"ವೈನಿ, ಊರು ಖಾಲಿ ಮಾಡ್ರಿ ಅಂತ ಪೊಲೀಸ್ ಗಾಡಿ ಒದರಕೋತ ಬಂತರಿ. ಅವರ ಮಾತು ನಮಗೆಲ್ಲಿ ತಿಳೀಬೇಕು? ನಾ ಹೊರಗಿದ್ದೆ, ಹೊಗಿ ಕಂಡೆ. ಬಾಗ್ಲಾ ಬಡದು ಬೆಂಕಿ ಬೆಂಕಿ ಅಂದೆ. ಒಳಗಿದ್ದ ಧರ್ಮಣ್ಣ, ಪೊಲೀಸರು ನನ್ನ ಹಿಡದು ಸುಳ್ಳು ಹೇಳಸಾಕತ್ತಾರ ಅಂತ ತಿಳಕೊಂಡ. 'ಸುಮ್ನಿರೋ, ಗಾಡಿ ತಾನ ಹೋಗ್ತದ' ಅಂದ. ಪೊಲೀಸರನ್ನ ಕರಕೊಂಡು ಬರೂದ್ರಾಗ ಮ್ಯಾಲಿನ ಛತ್ತಿಗೆ ಬೆಂಕಿ ಹತ್ತಿತ್ತರಿ. ಅಂವ ಉಳೀಲಿಲ್ಲರಿ."

ಹನುಮವ್ವನಿಗೆ ಅಳು ಬರಲಿಲ್ಲ. ತನ್ನ ನಾಲಿಗೆಯನ್ನೇ ಕಿತ್ತು ಎಸೆಯಬೇಕೆನಿಸಿತು.

ದೀಪಾವಳಿ ಮುಗಿದ ಮೇಲೆ ಅವಳಿದ್ದ ಜೋಪಡಿ ಸಾಲಿಗೂ ಕೆಡವುವ ಗಾಡಿ ಬಂತು. ಭೋಂಗಾ ಕೇಳಿದ್ದೇ ತಡ, ಎಲ್ಲರ ಚಿಲಕಗಳೂ ಬಿದ್ದವು. ಹನುಮವ್ವ ತಲೆಯ ಸೆರಗು ಜಾರಿದ್ದೂ ಗೊತ್ತಾಗದೆ ಒಂದೊಂದೇ ಬಾಗಿಲು ಬಡಿಯುತ್ತ ಓಡಿದಳು. "ಹೊರಗ ಬರ್ರಿ! ನಿಮ್ಮ ಕಾಲ್ ಬೀಳ್ತೀನಿ, ಹೊರಗ ಬರ್ರಿ!"

ಯಾರೂ ಬಾಗಿಲು ತೆಗೆಯಲಿಲ್ಲ. ಗಾಡಿ ಒದರಿ ಒದರಿ ತಾನೇ ಹೋಯಿತು.