ಟೀಚರಮ್ಮನ ಎರಡು ಡಬ್ಬ

ಮಂಚದಿಂದ ಎಡಗೈ ಇಳಿಬಿಟ್ಟು ಟೀಚರಮ್ಮ ನೆಲ ತಡಕುತ್ತಿದ್ದರು. ಬಲಗೈ, ಬಲಗಾಲು, ಮಾತು ಮೂರನ್ನೂ ಲಕ್ವ ಹೊಡೆದು ವರ್ಷವಾಗಿತ್ತು. ಆ ಎಡಗೈ ಏನನ್ನು ಹುಡುಕುತ್ತಿದೆ ಎಂದು ಮಮತಾಳಿಗೆ ಗೊತ್ತು. ಮಂಚದ ಕೆಳಗೆ ಎರಡು ರಟ್ಟಿನ ಡಬ್ಬಗಳಿದ್ದವು, ಪುಸ್ತಕ ತುಂಬಿದವು. ಅವಳು ಶುಕ್ರವಾರದ ರಜೆ ಮುಗಿಸಿ ಬರುವಷ್ಟರಲ್ಲಿ ಎರಡೂ ಮಾಯವಾಗಿದ್ದವು.

ಜಗಳೂರು ತಾಲ್ಲೂಕಿನ ಸೊಕ್ಕೆಯಿಂದ ಮಮತಾ ಮಸ್ಕತ್ತಿಗೆ ಬಂದು ಹತ್ತು ತಿಂಗಳು. ಮನೆಯ ಯಜಮಾನ ವಿನೋದನ ತಾಯಿ ನೇತ್ರಾವತಿಯವರನ್ನು ನೋಡಿಕೊಳ್ಳುವುದು ಅವಳ ಕೆಲಸ. ನ್ಯಾಮತಿಯ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು ಅವರು. ವಿಮಾನ ಹತ್ತುವಾಗ ಸೀರೆ ಬಿಟ್ಟು ಪುಸ್ತಕ ತುಂಬಿಕೊಂಡು ಬಂದಿದ್ದರಂತೆ. ಪ್ರತಿಯೊಂದಕ್ಕೂ ಹಳೆಯ ಕ್ಯಾಲೆಂಡರ್ ಹಾಳೆಯ ಬೈಂಡು, ಒಳಗೆ ದುಂಡಗೆ ಬರೆದ ಹೆಸರು.

ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು ಮಮತಾ. ಆದರೂ ಸಂಜೆ ಹೊತ್ತು ಅವುಗಳನ್ನು ಓದಿ ಹೇಳುತ್ತಿದ್ದಳು. ಎಲ್ಲಾದರೂ ತಪ್ಪಿದರೆ ಟೀಚರಮ್ಮನ ನಾಲಿಗೆ 'ಚ್ಚ್' ಎನ್ನುತ್ತಿತ್ತು. ಸರಿಯಾಗಿ ಓದುವವರೆಗೂ ಬಿಡುತ್ತಿರಲಿಲ್ಲ.

ಡಬ್ಬ ಎಲ್ಲಿ ಎಂದು ವಿನೋದನನ್ನು ಕೇಳಬೇಕು ಎಂದು ಮಮತಾ ಮೂರು ಸಲ ಅಡುಗೆಮನೆ ಬಾಗಿಲವರೆಗೆ ಹೋದಳು. ಮೂರು ಸಲವೂ ಲೋಟ ತೊಳೆದು ವಾಪಸ್ಸು ಬಂದಳು. ಯಜಮಾನರ ಎದುರು ಅವಳಿಗೆ ಬಾಯಿ ಏಳುತ್ತಿರಲಿಲ್ಲ. ಅದಕ್ಕೆ ತನ್ನ ಮೇಲೇ ಸಿಟ್ಟು.

ಸರಿ, ಬೇರೆ ಪುಸ್ತಕವನ್ನಾದರೂ ತರೋಣ ಎಂದು ಮುಂದಿನ ಶುಕ್ರವಾರ ಹೊರಟಳು. ಅಂಗಡಿಗಳು ತೆರೆಯುವುದು ನಾಲ್ಕರ ಮೇಲೆ. ಅಲ್ಲಿಯತನಕ ಬಸ್ ನಿಲ್ದಾಣದ ನೆರಳಲ್ಲಿ ಕೂತಳು. ಹಳೇ ಪುಸ್ತಕದ ಮೊದಲ ಅಂಗಡಿಯಲ್ಲಿ ಬರೀ ಸ್ಕೂಲಿನ ಗೈಡುಗಳು. ಎರಡನೆಯದರಲ್ಲಿ ಇಟ್ಟಿಗೆಯಂಥ ಇಂಗ್ಲಿಷ್ ಕಾದಂಬರಿಗಳು, ಅಂಗಡಿಯವನು ಅವಳ ಚಪ್ಪಲಿಯಿಂದ ತಲೆವರೆಗೆ ನೋಡಿ, "ಯಾರಿಗೆ ಬೇಕು? ನಿಮ್ಮ ಮೇಡಂಗಾ?" ಎಂದು ಹಿಂದಿಯಲ್ಲಿ ಕೇಳಿದ. ಮೂರನೆಯವನಿಗೆ ಕನ್ನಡ ಎಂಬುದೊಂದು ಭಾಷೆ ಇರುವುದೇ ಗೊತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು ನಡೆದಳು.

ನಾಲ್ಕನೆಯದು ಟೈಲರ್ ಅಂಗಡಿಯ ಹಿಂದಿನ ಸಂದಿಯಲ್ಲಿತ್ತು. ಮಲಯಾಳಿ ಮುದುಕನೊಬ್ಬ ಸ್ಟೂಲಿನ ಮೇಲೆ ಕೂತು ಓದುತ್ತಿದ್ದ.

"ಕನ್ನಡನಾ? ಹೋದ ವಾರವೇ ಒಬ್ಬ ಸಾರ್ ಬಿಳಿ ಕಾರಲ್ಲಿ ತಂದು ಬಿಟ್ಟುಹೋದ. ದುಡ್ಡೂ ಬೇಡ, ಮನೆಯಲ್ಲಿ ಜಾಗ ಖಾಲಿಯಾದರೆ ಸಾಕು ಅಂದ," ಎಂದು ಹಿಂದಿಯಲ್ಲಿ ಹೇಳುತ್ತಾ ಮೂಲೆ ತೋರಿಸಿದ.

ಅದೇ ಎರಡು ಡಬ್ಬ. ಅದೇ ಕ್ಯಾಲೆಂಡರ್ ಬೈಂಡು, ಅಮಾವಾಸ್ಯೆಯ ಕಪ್ಪು ಚುಕ್ಕೆ ಸಮೇತ. ಬಿಳಿ ಕಾರು ವಿನೋದನದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ತಾಯಿ ಕಣ್ಣು ಬಿಟ್ಟುಕೊಂಡು ಮಲಗಿರುವಾಗಲೇ ಮಂಚದ ಕೆಳಗೆ ಬಗ್ಗಿ ಎಳೆದಿದ್ದಾನೆ. ಕೂಗಲಾರಳು ಎಂಬ ಧೈರ್ಯ!

"ಎಲ್ಲಾ ಒಯ್ಯಾಕೆ ಆಗಲ್ಲ," ಎಂದಳು. ಸಿಟ್ಟಿಗೆ ಕನ್ನಡವೇ ಬಂತು. ಮುದುಕನಿಗೆ ಹೇಗೋ ಅರ್ಥವಾಯಿತು. ವಾರಕ್ಕೊಂದು ತಗೊಂಡು ಹೋಗು, ಬೇರೆಯವರಿಗೆ ಕೊಡಲ್ಲ ಎಂದ.

ತನ್ನ ದುಡ್ಡಲ್ಲಿ ಕೊಂಡ ಪುಸ್ತಕವನ್ನು ಅವತ್ತು ಟೀಚರಮ್ಮನ ಎದೆ ಮೇಲಿಟ್ಟಳು. ಎಡಗೈ ಅದರ ಮೇಲೆ ಬಿತ್ತು. ಊಟ ಮಾಡಿಸುವಾಗಲೂ ಎತ್ತಲಿಲ್ಲ.

ನಾಲ್ಕು ಶುಕ್ರವಾರಕ್ಕೆ ದಿಂಬಿನ ಕೆಳಗೆ ನಾಲ್ಕು ಪುಸ್ತಕ ಸೇರಿದವು. ತಾಯಿಯ ಕೋಣೆಗೆ ಅಪರೂಪಕ್ಕೆ ಬರುವ ವಿನೋದನಿಗೆ ಅವು ಕಾಣಲಿಲ್ಲ. ಐದನೆಯ ವಾರ ಹೊನ್ನಾಳಿಯಿಂದ ಅವನ ಅಕ್ಕ ಸುಚಿತ್ರಾ ವಿಡಿಯೋ ಕಾಲ್ ಮಾಡಿದಳು. ವಿನೋದ ಫೋನ್ ಹಿಡಿದು ಕೋಣೆಗೆ ಬಂದ.

"ಅವ್ವನ ಪುಸ್ತಕ ಕಳಿಸ್ಲಾ ವಿನೋದ. ನ್ಯಾಮತಿ ಶಾಲೆಗೆ ಕೊಡಾನ. ಅವ್ವ ಮದ್ಲಿಂದ ಅದನ್ನೇ ಹೇಳ್ತಿದ್ಲು."

ವಿನೋದ ಒಂದು ಗಳಿಗೆ ಗೋಡೆ ನೋಡಿದ. ಆಮೇಲೆ ಮಮತಾಳನ್ನು ನೋಡಿದ.

"ಎಲ್ಲಿ ಪುಸ್ತಕ ಬಿಡಕ್ಕ. ಇವ್ಳು ಮಾರ್ಕಂಡಾಳೆ. ಶುಕ್ರವಾರ ಬಂತಂದ್ರೆ ಹಳೇ ಪುಸ್ತಕದ ಅಂಗಡಿ ಸುತ್ತೋದೇ ಕೆಲ್ಸ, ನಮ್ ವಾಚ್‌ಮನ್ನೇ ನೋಡ್ಯಾನೆ. ಎಂಥಾ ಮನೆಯೋರನ್ನ ತಂದು ಒಳಗೆ ಸೇರಿಸ್ಕಂಡ್ನೋ! ಕಳ್ಳಿ. ತಿಂಗ್ಳು ಮುಗೀಲಿ, ಊರಿಗೆ ಅಟ್ತೀನಿ."

ಮಮತಾಳಿಗೆ ಮೊದಲು ನೆನಪಾದದ್ದು ಮನೆ. ಕಳ್ಳಿ ಎನಿಸಿಕೊಂಡು ಊರಿಗೆ ಹೋದರೆ ಅಪ್ಪ ಚಿಕ್ಕಹನುಮಂತಪ್ಪ ಯಾರ ಮುಂದೆ ತಲೆ ಎತ್ತಿಯಾನು? ಅವ್ವ ಅಂಜಮ್ಮನನ್ನು ಇನ್ನು ಯಾರ ಮನೆಯವರು ಕೆಲಸಕ್ಕೆ ಕರೆದಾರು?

ಅವಳು ಮುಂದೆ ಬಂದು ವಿನೋದನ ಕೈಯಿಂದ ಫೋನ್ ಕಿತ್ತುಕೊಂಡಳು. ಆ ಮನೆಯಲ್ಲಿ ಅವಳು ಕೇಳದೆ ಮುಟ್ಟಿದ ಮೊದಲ ವಸ್ತು ಅದು.

"ಏಯ್!"

"ಸುಮ್ನಿರ್ರಿ ಸಾರ್." ತನ್ನ ದನಿ ಅವಳಿಗೇ ಬೇರೆ ಯಾರದೋ ಎನಿಸಿತು. ಫೋನನ್ನು ಟೀಚರಮ್ಮನ ಮುಖದ ಕಡೆ ತಿರುಗಿಸಿದಳು. "ಅಕ್ಕಾರೆ, ನಂಗೆ ಹೇಳಾಕೆ ಬರಲ್ಲ. ಡಬ್ಬ ಹೋಗುವಾಗ ನಿಮ್ಮವ್ವಾರು ಇದೇ ಮಂಚದ ಮ್ಯಾಲೆ ಇದ್ರು. ಅವ್ರನ್ನೇ ಕೇಳ್ರಿ. ಸಾರ್, ನೀವು ಈಗ ಅಂದಿದ್ದನ್ನ ಅವ್ರ ಮುಂದೆ ಅನ್ರಿ."

"ಅವ್ವಂಗೆ ಏನ್ ಗೊತ್ತಾಕತೆ? ನೀನು ಮಾರಿದ್ದೀಯ..."

"ಚ್ಚ್."

ಫೋನಿನಲ್ಲಿ ಸುಚಿತ್ರಾ ತಟ್ಟನೆ ನೆಟ್ಟಗೆ ಕೂತಳು. ಅವಳೂ ಅದೇ ಶಾಲೆಯಲ್ಲಿ ಅದೇ ಟೀಚರ್ ಹತ್ತಿರ ಮಗ್ಗಿ ಒಪ್ಪಿಸಿದವಳು.

"ಇನ್ನೊಂದ್ಸಲ ಹೇಳ್ಲಾ," ಎಂದಳು.

"ಅಂದ್ರೆ... ಡ್ರೈವರ್ ಏನಾರ ಒಯ್ದಿರಬೇಕು."

"ಚ್ಚ್."

"ಸ್ಟೋರ್ ರೂಮಲ್ಲಿ..."

"ಚ್ಚ್. ಚ್ಚ್."

ಟೀಚರಮ್ಮನ ಕಣ್ಣು ಮಗನ ಮೇಲಿಂದ ಕದಲಲಿಲ್ಲ. ವಿನೋದ ಬೆವರು ಒರೆಸಿಕೊಂಡ.

"ನಾನೇ ಅಂಗಡೀಲಿ ಬಿಟ್ಟು ಬಂದೆ. ಇನ್ನ ಓದಲ್ಲ ಅಂತ..."

ಈ ಸಲ ಸದ್ದು ಬರಲಿಲ್ಲ.

ಮಮತಾ ದಿಂಬಿನ ಕೆಳಗಿನಿಂದ ನಾಲ್ಕು ಪುಸ್ತಕ ತೆಗೆದು ಫೋನಿನ ಮುಂದೆ ಒಂದೊಂದಾಗಿ ಹಿಡಿದಳು. ಸುಚಿತ್ರಾ ಸೆರಗಿನಿಂದ ಕಣ್ಣು ಒತ್ತಿಕೊಂಡಳು.

"ಆಯ್ತು ಬಿಡು ಮಮತಾ," ಎಂದು ವಿನೋದ ಫೋನಿಗೆ ಕೈ ಚಾಚಿದ. "ಏನೋ ಬಾಯ್ತಪ್ಪಿ ಬಂತು."

ಅವಳು ಫೋನ್ ಕೊಡಲಿಲ್ಲ.

"ಬಾಯ್ತಪ್ಪಿ ಅಲ್ಲ ಸಾರ್. ಕಳ್ಳಿ ಅಂದ್ರಿ, ನಮ್ ಮನೇನೂ ಎತ್ತಿದ್ರಿ. ಇಲ್ಲಿ ಅಕ್ಕಾರ ಮುಂದೆ ತಪ್ಪಾತು ಅನ್ರಿ. ಆಮ್ಯಾಲೆ ಇವತ್ತು ಶುಕ್ರವಾರ ಐತೆ, ನಾಲ್ಕಕ್ಕೆ ಅಂಗಡಿ ತೆಗೀತಾರೆ. ಡಬ್ಬ ನೀವೇ ಹೊತ್ಕಂಡ್ ಬರ್ರಿ. ದಾರಿ ನಿಮಗೆ ಗೊತ್ತಲ್ಲ."

ವಿನೋದ ತಾಯಿಯ ಕಡೆ ನೋಡಿದ, ಅಲ್ಲಿಂದೇನಾದರೂ ಸಹಾಯ ಬಂದೀತೇ ಎಂಬಂತೆ. ಟೀಚರಮ್ಮ ಎಡಗೈಯನ್ನು ಮಂಚದಿಂದ ಇಳಿಬಿಟ್ಟು ಖಾಲಿ ನೆಲವನ್ನು ಬೆರಳಿಂದ ತಟ್ಟುತ್ತಿದ್ದರು. ಡಬ್ಬ ಎಲ್ಲಿಡಬೇಕೆಂದು ತೋರಿಸುತ್ತಿದ್ದರು.