ಭಾವನ ನಂಬರು

ದೊಡ್ಡ ಡಾಕ್ಟರಮ್ಮನ ಬಾಯಿಗೆ ಹೆದರದವರು ಆ ಆಸ್ಪತ್ರೆಯಲ್ಲಿ ಒಬ್ಬರೂ ಇರಲಿಲ್ಲ. ವಾರ್ಡಿನ ಆಯಾಗಳಿಂದ ಹಿಡಿದು ಆರೋಗ್ಯ ಇಲಾಖೆಯ ಕಾರ್ಯದರ್ಶಿಯವರೆಗೆ ಎಲ್ಲರೂ ಒಂದಲ್ಲ ಒಂದು ದಿನ ಅವಳಿಂದ ಉಗಿಸಿಕೊಂಡವರೇ. ಹಾಗಂತ ಕೆಟ್ಟವಳೇನಲ್ಲ. ಇಡೀ ದೇಶದ ಸಕ್ಕರೆ ಕಾಯಿಲೆ ಯೋಜನೆಯನ್ನು ತಲೆಯ ಮೇಲೆ ಹೊತ್ತುಕೊಂಡು, ಊಟ ನಿದ್ದೆ ಬಿಟ್ಟು ದುಡಿಯುತ್ತಿದ್ದಳು. ರೋಗಿಗಳು ಕಣ್ಣು ಕಾಲು ಕಳೆದುಕೊಳ್ಳುವುದನ್ನು ಕಂಡರೆ ಅವಳಿಗೆ ಸಂಕಟವಾಗುತ್ತಿತ್ತು, ಆ ಸಂಕಟವೆಲ್ಲ ಬಾಯಿಂದ ಬೈಗುಳವಾಗಿ ಹೊರಬೀಳುತ್ತಿತ್ತು, ಅಷ್ಟೇ.

ಅವಳ ಕ್ಲಿನಿಕ್ಕಿನಲ್ಲಿ ಒಂದು ಪದ್ಧತಿಯಿತ್ತು. ‘ಗಟ್ಟಿ ಓದು’ ಅಂತ ಎಲ್ಲರೂ ಕರೆಯುತ್ತಿದ್ದರು. ದೊಡ್ಡ ಹಾಲಿನ ಬೆಂಚುಗಳಲ್ಲಿ ರೋಗಿಗಳನ್ನು ಒಟ್ಟಿಗೆ ಕೂರಿಸುವುದು. ದಾದಿ ಒಬ್ಬೊಬ್ಬರ ಹೆಸರು ಕರೆದು, ಅವರ ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಎಲ್ಲರಿಗೂ ಕೇಳುವಂತೆ ಓದುವುದು. ನಂಬರು ಕಡಿಮೆಯಿದ್ದರೆ ಡಾಕ್ಟರಮ್ಮ ಶಭಾಷ್ ಅನ್ನುವಳು, ಜಾಸ್ತಿಯಿದ್ದರೆ ಅಲ್ಲೇ ನೀರಿಳಿಸುವಳು. ರೋಗಿಗಳು ಸಾವಿರ, ಡಾಕ್ಟರುಗಳು ಬೆರಳೆಣಿಕೆ. ಒಬ್ಬರಿಗೆ ಹೇಳಿದ್ದನ್ನು ನಾಲ್ಕು ಜನ ಕೇಳಿಸಿಕೊಂಡರೆ ಹೊತ್ತೂ ಉಳಿಯಿತು, ಬುದ್ಧಿಯೂ ಬಂತು ಅನ್ನುವುದು ಅವಳ ಲೆಕ್ಕಾಚಾರ.

ಹಿಂದಿನ ವರ್ಷ ಆ ಬೆಂಚಿನ ಮೇಲೆ ಅವಳ ಸ್ವಂತ ಭಾವನೇ ಬಂದು ಕೂತಿದ್ದ. ಅಕ್ಕನ ಗಂಡ. ಬಸ್ ಡ್ರೈವರ್. ಡಿಪೋದ ಖಾಕಿ ಬಟ್ಟೆಯಲ್ಲೇ, ಜೊತೆಯ ನಾಲ್ಕೈದು ಡ್ರೈವರುಗಳನ್ನೂ ಎಳೆದುಕೊಂಡು ಬಂದಿದ್ದ. “ನಮ್ಮ ನಾದಿನಿ ಕಣ್ರೋ. ಸೈಕಲ್ ಹೊಡೆಯೋದು ಕಲಿಸಿದ್ದೇ ನಾನು, ನನಗೆ ಬೈತಾಳಾ?” ಅಂತ ಅವರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದ. ಏಳರೊಳಗಿರಬೇಕಾದ ನಂಬರನ್ನು ದಾದಿ ಓದಿದಳು: ಹನ್ನೊಂದು.

ಹಾಲಿನಲ್ಲಿದ್ದವರೆಲ್ಲ ಡಾಕ್ಟರಮ್ಮನ ಮುಖ ನೋಡಿದರು. ಮನೆಯವರಿಗೊಂದು ನ್ಯಾಯ, ಹೊರಗಿನವರಿಗೊಂದು ನ್ಯಾಯ ಅಂತ ಯಾರೂ ಅನ್ನಬಾರದಲ್ಲ? ಅವಳು ಬೇರೆಯವರಿಗಿಂತ ಒಂದು ಕೈ ಜಾಸ್ತಿಯೇ ಬೈದಳು.

“ಭಾವ ಅಂತ ಸುಮ್ಮನೆ ಬಿಡ್ತೀನಿ ಅಂದ್ಕೊಂಡ್ರಾ? ಸ್ವಂತ ನಾಲಿಗೆಗೆ ಬ್ರೇಕ್ ಹಾಕೋಕೆ ಬರದವರು ಬಸ್ಸು ಹೇಗ್ರೀ ಓಡಿಸ್ತೀರಿ? ನಿಮ್ಮನ್ನ ನಂಬ್ಕೊಂಡು ಜನ ಹೇಗೆ ಹತ್ತಬೇಕು?”

ಕೂತವರೆಲ್ಲ ಘೊಳ್ಳೆಂದು ನಕ್ಕರು. ಭಾವನೂ ನಕ್ಕ. ನಗುತ್ತಲೇ ಎದ್ದು ಹೋದ. ಆಮೇಲೆ ಆ ಕಡೆ ಬರಲಿಲ್ಲ. ಕೇಳಿದ್ದಕ್ಕೆ, “ಡ್ಯೂಟಿ ಬದಲಾಗಿದೆ ಡಾಕ್ಟ್ರೇ, ಡಿಪೋ ಪಕ್ಕದಲ್ಲೇ ತೋರಿಸ್ಕೋತಿದೀನಿ” ಅಂದ. ಅವಳು ನಂಬಿದಳು. ನಂಬದೆ ಏನು, ನಿಜವೇ ಅಂತ ವಿಚಾರಿಸಲು ಅವಳಿಗೆ ಪುರುಸೊತ್ತಾದರೂ ಎಲ್ಲಿತ್ತು?

ಅವಳು ಮಾತ್ರ ಆ ದಿನದಿಂದ ಹೆಸರುವಾಸಿಯಾದಳು. ‘ತನ್ನ ಭಾವನನ್ನೂ ಬಿಡಲಿಲ್ಲ’ ಎಂಬ ಕಥೆ ಬಾಯಿಂದ ಬಾಯಿಗೆ ಹಬ್ಬಿ, ಹೊಸ ಡಾಕ್ಟರುಗಳ ತರಬೇತಿಯಲ್ಲಿ ಪಾಠದ ಹಾಗೆ ಹೇಳುವಷ್ಟಾಯಿತು. ಕ್ಲಿನಿಕ್ಕಿನ ಸರಾಸರಿ ನಂಬರು ತಿಂಗಳಿಂದ ತಿಂಗಳಿಗೆ ಇಳಿಯುತ್ತ ಬಂತು. ಬೆಂಚುಗಳ ಮೇಲೆ ಜಾಗವೂ ಕಾಣತೊಡಗಿತು. ಜನ ಗುಣವಾಗುತ್ತಿದ್ದಾರೆ ಅಂತ ಅವಳು ಹಿಗ್ಗಿದಳು. ಇಲಾಖೆಯವರಿಗಂತೂ ಸ್ವರ್ಗ ಮೂರೇ ಗೇಣು. ಗಟ್ಟಿ ಓದನ್ನು ದೇಶದ ಎಲ್ಲ ಕ್ಲಿನಿಕ್ಕುಗಳಲ್ಲೂ ಕಡ್ಡಾಯ ಮಾಡುವ ಆದೇಶ ತಯಾರಾಯಿತು.

ಆದೇಶದ ಕರಡನ್ನು ಓದುವ ಸಭೆಯಲ್ಲಿ ಅವಳು ಕೂತಿದ್ದಾಗಲೇ ಅಕ್ಕನ ಫೋನು ಬಂತು.

“ಪುಟ್ಟೀ, ನಿಮ್ಮ ಭಾವಂಗೆ ಜ್ವರ ಇಳೀತಾನೇ ಇಲ್ಲ ಕಣೇ. ಬಲಗಾಲು ಮುಟ್ಟೋಕೆ ಬಿಡ್ತಿಲ್ಲ, ಟವೆಲ್ ಸುತ್ಕೊಂಡು ಕೂತಿದ್ದಾರೆ. ನಿಂಗೆ ಮಾತ್ರ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ದಾರೆ.”

ಅವಳು ಸಭೆಯನ್ನು ಹಾಗೇ ಬಿಟ್ಟು ಅಕ್ಕನ ಮನೆಗೆ ಓಡಿದಳು.

ಬಾಗಿಲು ತೆಗೆದ ಕೂಡಲೇ ವಾಸನೆ ಬಂತು. ಅದು ಯಾವ ವಾಸನೆ ಅಂತ ಡಾಕ್ಟರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಭಾವ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದ. ಕೆನ್ನೆ ಒಳಗೆ ಹೋಗಿತ್ತು. ಅವಳನ್ನು ಕಂಡವನೇ ಹೆಂಡತಿಯನ್ನು ದುರುಗುಟ್ಟಿ ನೋಡಿದ. ಆಮೇಲೆ ನಗಲು ನೋಡಿದ.

“ಬಂದ್ರಾ ಡಾಕ್ಟ್ರೇ? ಸ್ವಲ್ಪ ಮೆಲ್ಲಗೆ ಬೈಯಮ್ಮ. ಪಕ್ಕದ ಮನೆಯವ್ರು ಮಲಗಿದ್ದಾರೆ.”

ಅವಳು ನೆಲದ ಮೇಲೆ ಕೂತು ಟವೆಲ್ ಬಿಚ್ಚಿದಳು. ಎರಡು ಬೆರಳು ಕಪ್ಪಾಗಿದ್ದವು. ಪಾದದ ಅಡಿಯಲ್ಲಿ ಗುಂಡಗೆ ಒಂದು ತೂತು, ಅಲ್ಲಿಂದ ಮೀನಖಂಡದವರೆಗೆ ಕೆಂಪು ಹತ್ತಿತ್ತು.

“ಏನಾಯ್ತು ಇದು?”

ಅಕ್ಕ ಮೂಲೆಯಲ್ಲಿದ್ದ ಬೂಟನ್ನು ಎತ್ತಿ ಕೊಡವಿದಳು. ಒಂದು ಸಣ್ಣ ಬೋಲ್ಟು ಟಣ್ಣೆಂದು ನೆಲಕ್ಕೆ ಬಿತ್ತು. ಬಸ್ಸಿನ ಪೆಡಲಿನದು. “ಇದನ್ನ ಬೂಟಲ್ಲಿ ಇಟ್ಕೊಂಡೇ ಎಷ್ಟು ದಿನ ಓಡಾಡಿದ್ರೋ. ಗೊತ್ತೇ ಆಗ್ಲಿಲ್ಲವಂತೆ. ಕಾಲಿಗೆ ಸ್ಪರ್ಶಾನೇ ಇಲ್ಲ.”

“ಅಯ್ಯೋ ಭಾವ! ಡಿಪೋ ಪಕ್ಕ ತೋರಿಸ್ತಿದ್ರಲ್ಲ, ಅವ್ರು ಕಾಲು ನೋಡ್ಲಿಲ್ವಾ?”

ಅಕ್ಕ ತಡೆಯದೆ ಹೇಳಿಬಿಟ್ಟಳು. “ಎಲ್ಲಿಯ ಡಿಪೋ ಪಕ್ಕ? ಎಲ್ಲೂ ಹೋಗಿಲ್ಲ. ಅವತ್ತು ನಿನ್ನ ಹತ್ರದಿಂದ ನಗ್ತಾ ಬಂದ್ರು. ಬಂದವ್ರು ಊಟಾನೇ ಮಾಡ್ಲಿಲ್ಲ. ಇಷ್ಟು ವರ್ಷ ಓಡಿಸಿದ್ದೀನಿ, ಒಬ್ಬರಿಗೂ ಗೀರು ತಾಗಿಸಿಲ್ಲ, ನನ್ನ ನಂಬ್ಕೊಂಡು ಜನ ಹೇಗೆ ಹತ್ತಬೇಕು ಅಂದ್ಬಿಟ್ಟಳಲ್ಲೇ ಅಂತ ಒಂದೇ ಸಮ ಅತ್ರು. ಡಿಪೋದಲ್ಲಿ ಇವತ್ತಿಗೂ ಇವ್ರನ್ನ ‘ಹನ್ನೊಂದು’ ಅಂತಾನೇ ಕರೆಯೋದು.”

“ಸಾಕು ಬಿಡೇ” ಅಂದ ಭಾವ. “ಅವಳೇನು ಸುಳ್ಳು ಹೇಳಿದ್ಲಾ?”

ಡಾಕ್ಟರಮ್ಮನಿಗೆ ನಾಚಿಕೆಯಾಯಿತು. ಅಂಥಿಂಥ ನಾಚಿಕೆಯಲ್ಲ, ಆ ಕಾಲನ್ನು ಹಿಡಿದುಕೊಂಡ ತನ್ನ ಕೈಯನ್ನು ಎಲ್ಲಿಡಲಿ ಅನ್ನಿಸುವಂಥ ನಾಚಿಕೆ. ಆಂಬುಲೆನ್ಸಿಗೆ ಫೋನು ಮಾಡಿದಳು.

ಆಸ್ಪತ್ರೆಯಲ್ಲಿ ಅವಳು ಶಸ್ತ್ರಚಿಕಿತ್ಸೆಯ ಡಾಕ್ಟರನ ಬೆನ್ನು ಬಿಡಲಿಲ್ಲ. ಅವನು ಅವಳ ಜೊತೆಯಲ್ಲೇ ಓದಿದವನು. “ಬೆರಳಿನಲ್ಲೇ ಮುಗಿಸು, ಹೆಚ್ಚೆಂದರೆ ಪಾದ. ಅವರು ಡ್ರೈವರ್ ಕಣೋ, ಬಲಗಾಲು ಅದು” ಅಂತ ಗೋಗರೆದಳು. ಅವನು ಅವಳನ್ನು ಪಕ್ಕಕ್ಕೆ ಕರೆದು, “ಬೆರಳಿನ ಕಾಲ ಕಳೆದುಹೋಯ್ತು. ಈಗ ಮೊಣಕಾಲಿನ ಕೆಳಗೆ ತೆಗೆದರೆ ಮನುಷ್ಯ ಉಳೀತಾರೆ. ನಿನಗೂ ಗೊತ್ತು” ಅಂದ. ಅವಳಿಗೂ ಗೊತ್ತಿತ್ತು. ಭಾವನ ಒಪ್ಪಿಗೆಯನ್ನು ಅವಳೇ ಹೋಗಿ ಕೇಳಬೇಕಾಯಿತು, ಅಕ್ಕನಿಂದ ಆಗುವ ಕೆಲಸವಾಗಿರಲಿಲ್ಲ. ಅವನು ಕಿಟಕಿಯ ಕಡೆ ನೋಡಿ, “ಬ್ರೇಕಿನ ಕಾಲು” ಅಂದ. ಆಮೇಲೆ ಹೂಂ ಅಂದ.

ಕಾಲು ಹೋಯಿತು.

ಅವನನ್ನು ನೋಡಿಕೊಳ್ಳಲು ಶಸ್ತ್ರಚಿಕಿತ್ಸೆಯ ವಾರ್ಡಿಗೆ ಓಡಾಡುವಾಗ ಅವಳು ಆ ಕಡೆಯ ಮಂಚಗಳನ್ನೂ ನೋಡಿದಳು. ಎಷ್ಟೋ ವರ್ಷಗಳಿಂದ ಅವಳು ಕೂತಿದ್ದು ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲೇ. ಮೇಲೆ ಬಂದು ಹೀಗೆ ಒಬ್ಬೊಬ್ಬರ ಪಕ್ಕ ನಿಂತದ್ದು ಯಾವಾಗ ಅಂತ ನೆನಪಾಗಲಿಲ್ಲ. ಬೀದಿ ಗುಡಿಸುವವಳು, ಬೇಕರಿಯಲ್ಲಿ ಒಲೆಯ ಮುಂದೆ ನಿಂತು ದುಡಿಯುವವನು, ಲಾಂಡ್ರಿಯ ಹೆಂಗಸು. ಎಲ್ಲರ ಹೊದಿಕೆಯೂ ಒಂದು ಕಡೆ ಚಪ್ಪಟೆ.

“ನಿಮ್ಮನ್ನ ಎಲ್ಲೋ ನೋಡಿದ್ದೀನಲ್ಲ?” ಅಂದಳು ಬೇಕರಿಯವನಿಗೆ.

“ನಿಮ್ಮ ಹಾಲಿಗೇ ಬರ್ತಿದ್ದೆ ಮೇಡಂ. ಆಮೇಲೆ ಬಿಟ್ಟೆ.”

“ಯಾಕೆ ಬಿಟ್ರಿ?”

ಅವನು ಹೊದಿಕೆಯ ಅಂಚನ್ನು ಸರಿಮಾಡಿಕೊಂಡ. “ಬೆಂಕಿ ಮುಂದೆ ನಿಂತು ಕೆಲಸ ಮಾಡೋನು, ಗಳಿಗೆಗೊಂದು ಸಲ ಸಕ್ಕರೆ ಹಾಕಿದ ಟೀ ಇಲ್ದೆ ಆಗಲ್ಲ. ನಂಬರು ಇಳಿಯಲ್ಲ. ಬೈಸ್ಕೊಳ್ಳೋಕೆ ಅಂತ ರಜ ಹಾಕಿ ಯಾಕೆ ಬರ್ಲಿ?”

ಬೆಂಚುಗಳು ಯಾಕೆ ಖಾಲಿಯಾದವು ಅಂತ ಅವಳಿಗೆ ಆಗ ತಿಳಿಯಿತು. ಹೊತ್ತಿಗೆ ಸರಿಯಾಗಿ ಊಟ, ಸಂಜೆಗೊಂದು ವಾಕಿಂಗು, ತಂಪಾದ ಆಫೀಸು ಇದ್ದವರು ಉಳಿದರು. ಶಭಾಷ್ ಅನ್ನಿಸಿಕೊಂಡವರೂ ಅವರೇ. ಮಿಕ್ಕವರು ಮರ್ಯಾದೆ ಉಳಿಸಿಕೊಳ್ಳಲು ಮನೆಯಲ್ಲೇ ಕೂತರು. ಅವರು ಬರದೇ ಹೋದದ್ದರಿಂದಲೇ ಸರಾಸರಿ ಇಳಿದದ್ದು. ಇಷ್ಟು ಓದಿದ ಹೆಂಗಸಿಗೆ ಇಷ್ಟು ಸಣ್ಣ ಲೆಕ್ಕ ಹೊಳೆಯದೆ ಹೋಯಿತಲ್ಲ, ಏನನ್ನೋಣ!

ಇಲಾಖೆಗೆ ಹೋಗಿ ಆದೇಶಕ್ಕೆ ಸಹಿ ಹಾಕುವುದಿಲ್ಲ ಅಂದಳು. ಕಾರ್ಯದರ್ಶಿ ಕಕ್ಕಾಬಿಕ್ಕಿಯಾದರು. “ಮೇಡಂ, ಇದು ನಿಮ್ಮದೇ ಕೂಸು. ಎಲ್ಲಾ ಕಡೆ ನಿಮ್ಮ ಭಾವನ ಕಥೆ ಹೇಳ್ತಿದ್ದೀವಿ!”

“ಪೂರ್ತಿ ಹೇಳಿ” ಅಂದಳು. “ಆ ಭಾವನಿಗೆ ಈಗ ಒಂದೇ ಕಾಲು, ಅಂತ ಅದನ್ನೂ ಸೇರಿಸಿ ಹೇಳಿ. ಆಮೇಲೂ ಗಟ್ಟಿ ಓದು ಬೇಕು ಅನ್ನೋರು ಯಾರಿದ್ದಾರೋ ನೋಡೋಣ.”

ಜನ ಕ್ಲಿನಿಕ್ಕಿಗೆ ಬರದಿದ್ದರೆ ಕ್ಲಿನಿಕ್ಕು ಅವರಿದ್ದಲ್ಲಿಗೆ ಹೋಗಲಿ ಅಂತ ಹೊಸ ಯೋಜನೆ ಬರೆದಳು. ಮೊದಲು ತಾನೇ ಹೊರಟದ್ದು ಭಾವನ ಡಿಪೋಗೆ. ಡ್ರೈವರುಗಳ ವಿಶ್ರಾಂತಿ ಕೋಣೆಯ ಒಂದು ಮೂಲೆಗೆ ಪರದೆ ಕಟ್ಟಿಸಿ, ಒಳಗೆ ತನಗೊಂದು ಗಿಡ್ಡ ಸ್ಟೂಲು, ಎದುರಿಗೊಂದು ಕುರ್ಚಿ ಹಾಕಿಸಿದಳು. ನಂಬರು ಪರದೆಯೊಳಗೇ, ಅದೂ ಮೆಲುದನಿಯಲ್ಲಿ. ಬಂದವರ ಕಾಲನ್ನು ತಾನೇ ಮುಟ್ಟಿ ನೋಡುವುದು.

ಯಾರೂ ಬರಲಿಲ್ಲ. ಖಾಕಿಯವರು ಬಂದು ಟೀ ಕುಡಿದರು, ಪರದೆಯತ್ತ ಓರೆಗಣ್ಣಲ್ಲಿ ನೋಡಿದರು, ಬಸ್ಸು ಹತ್ತಿದರು. ಅವಳು ಪರದೆ ಸರಿಸಿ ನಿಂತು, “ಅವತ್ತು ಹಾಲಲ್ಲಿ ನಮ್ಮ ಭಾವಂಗೆ ಆಡಿದ ಮಾತು ತಪ್ಪು. ಎಲ್ಲರೆದುರಿಗೆ ಆಡಿದ್ದೆ, ಎಲ್ಲರೆದುರಿಗೇ ಹೇಳ್ತಿದ್ದೀನಿ” ಅಂದಳು. ಒಬ್ಬ ಕೆಮ್ಮಿದ. ಇನ್ನೊಬ್ಬ ಲೋಟ ತೊಳೆಯಲು ಹೋದ. ಬೂಟು ಬಿಚ್ಚುವವರು ಮಾತ್ರ ಇರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಊರುಗೋಲಿನ ಸದ್ದಾಯಿತು. ಅಕ್ಕನ ಹೆಗಲು ಹಿಡಿದು ಭಾವ ಬರುತ್ತಿದ್ದ, ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟು.

“ಏನ್ರೋ, ಹನ್ನೊಂದು ಬಂದ ಅಂತ ಒಬ್ಬನೂ ಎದ್ದು ನಿಲ್ಲಲ್ವಲ್ಲ!” ಅಂದ. ಯಾರಿಗೂ ನಗು ಬರಲಿಲ್ಲ. ಅವನು ಕುರ್ಚಿಯಲ್ಲಿ ಕೂತು ಉಳಿದ ಎಡಗಾಲನ್ನು ಚಾಚಿದ. ಪರದೆ ಎಳೆಯಲು ಹೋದ ಅಕ್ಕನನ್ನು ತಡೆದ. “ಇರ್ಲಿ ಬಿಡೇ, ಎಲ್ಲಾ ನೋಡ್ಲಿ. ಡಾಕ್ಟ್ರೇ, ಒಂದೇ ಇರೋದು, ನಿಮ್ಗೂ ಅರ್ಧ ಕೆಲಸ.”

ಅವಳು ಸ್ಟೂಲಿನ ಮೇಲೆ ಕೂತು ಬೂಟು ಬಿಚ್ಚಿದಳು, ಒಳಗೆ ಕೈ ಹಾಕಿ ತಡವಿ ನೋಡಿದಳು, ಕಾಲುಚೀಲ ತೆಗೆದಳು. ಒಂದೊಂದೇ ಬೆರಳು ಬಿಡಿಸಿ ನೋಡಿದಳು. ಗಾಯವಿರಲಿಲ್ಲ. ಕೈಬೆರಳಿನಿಂದ ರಕ್ತದ ಹನಿ ತೆಗೆದಳು, ಮಿಷನ್ನಿನಲ್ಲಿ ನಂಬರು ಬಂತು. ಇನ್ನೂ ಜಾಸ್ತಿಯೇ ಇತ್ತು. ಅವನ ಕಿವಿಯ ಹತ್ತಿರ ಬಗ್ಗಿ ಅದನ್ನು ಹೇಳಿದಳು.

ಭಾವ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ತಲೆ ತಗ್ಗಿತು, ಹೆಗಲು ಎರಡೂ ಕಿವಿಯವರೆಗೆ ಬಂದವು. ಏಟು ಬೀಳುತ್ತದೆ ಅಂತ ಕಾಯುವವನ ಹಾಗೆ ಕೂತೇ ಇದ್ದ.

“ಭಾವ” ಅಂದಳು ಅವಳು. “ನಾನು ಬೈಯಲ್ಲ ಭಾವ.”

“ಗೊತ್ತು ಕಣಮ್ಮ” ಅಂದ, ಕಣ್ಣು ತೆರೆಯದೆ. “ಅಭ್ಯಾಸ ಆಗ್ಬಿಟ್ಟಿದೆ. ಸ್ವಲ್ಪ ಹೊತ್ತು ಇರು, ಹೋಗುತ್ತೆ.”

ಅವಳು ಆ ಪಾದವನ್ನು ಮಡಿಲಲ್ಲಿಟ್ಟುಕೊಂಡು ಕಾದಳು. ಕಣ್ಣೀರು ಅದರ ಮೇಲೆ ಬಿದ್ದದ್ದು ಅವನಿಗೆ ತಿಳಿಯಲಿಲ್ಲ, ಆ ಕಾಲಿಗೂ ಸ್ಪರ್ಶ ಇರಲಿಲ್ಲ. ಬಾಗಿಲ ಬಳಿ ನಿಂತಿದ್ದ ವಯಸ್ಸಾದ ಡ್ರೈವರೊಬ್ಬ ಟೀ ಲೋಟವನ್ನು ಕಿಟಕಿಯಲ್ಲಿಟ್ಟು, ಬೆಂಚಿನ ಮೇಲೆ ಕೂತು ಬೂಟಿನ ಲೇಸು ಬಿಚ್ಚತೊಡಗಿದ.