ಒಣ ಹಾಸು

ಟಗರು ಬೆನ್ನು ಬಾಗಿಸಿ, ಹಿಂಗಾಲು ಅಗಲಿಸಿ ನಿಂತು ಬೆಳಗಿನಿಂದ ತಿಣುಕುತ್ತಿತ್ತು. ಬಾಲ ಒಂದೇ ಸಮನೆ ಅದುರುತ್ತಿತ್ತು. ಹಲ್ಲು ಕಡಿಯುವ ಸದ್ದು ದೊಡ್ಡಿಯ ಗೇಟಿನವರೆಗೂ ಕೇಳುತ್ತಿತ್ತು. ಅತ್ತೆ ಅದರ ಹೊಟ್ಟೆ ಒತ್ತಿ ನೋಡಿ, ಮಲ ಕಟ್ಟಿದೆ ಎಂದು ತೀರ್ಮಾನಿಸಿ ಹರಳೆಣ್ಣೆ ಕುಡಿಸಿದರು. ಮಧ್ಯಾಹ್ನದ ಹೊತ್ತಿಗೆ ಎಣ್ಣೆ ತನ್ನ ಕೆಲಸ ಮಾಡಿತು. ತಿಣುಕುವುದು ಮಾತ್ರ ನಿಲ್ಲಲಿಲ್ಲ.

ಅದು ಬೆಳಗಿನಿಂದ ಒಂದು ಹನಿ ಉಚ್ಚೆ ಹೊಯ್ದಿರಲಿಲ್ಲ. ಇದು ಗೊತ್ತಿದ್ದದ್ದು ನನಗೊಬ್ಬಳಿಗೇ, ಏಕೆಂದರೆ ಅದರ ಕಾಲಡಿಯ ಹುಲ್ಲಿನ ಹಾಸು ಬದಲಿಸುವವಳು ನಾನು.

ನಮ್ಮಲ್ಲಿ ಹೆಣ್ಣು ಕುರಿಗಳು, ಮರಿಗಳು ಅತ್ತೆಯ ಪಾಲು. ತಗಡಿನ ಸೂರಿನಡಿ ಕಟ್ಟಿಹಾಕಿದ ನಾಲ್ಕು ಟಗರುಗಳು ಸೊಸೆಯ ಪಾಲು. ಮದುವೆಯಾದ ಮೊದಲ ವರ್ಷವಿಡೀ ಅತ್ತೆ ದಿನ ಬೆಳಗಾದರೆ ಹುಲ್ಲಿನ ಹಾಸಿನ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರು. ಒದ್ದೆಯಿದ್ದರೆ, ಟಗರುಗಳಿಗೆ ಈಜು ಕಲಿಸುತ್ತಿದ್ದೀಯಾ ಎಂದು ಸಂಜೆಯವರೆಗೂ ಚುಚ್ಚುವರು. ಕೊನೆಗೆ ನಾನೊಂದು ಉಪಾಯ ಹುಡುಕಿದೆ. ನೆಕ್ಕಲು ನೇತುಹಾಕಿದ್ದ ಉಪ್ಪಿನ ಗಟ್ಟಿ ತೆಗೆದು ಬಚ್ಚಿಟ್ಟೆ. ಉಪ್ಪಿಲ್ಲದಿದ್ದರೆ ಬಾಯಾರಿಕೆಯಿಲ್ಲ. ನೀರು ದಿನಕ್ಕೊಮ್ಮೆ ಮಾತ್ರ. ಚೆಲ್ಲಾಪಿಲ್ಲಿಯಾಗುವ ಮೇವಿನ ಹುಲ್ಲು ಕಡಿಮೆ ಮಾಡಿ, ಮೈ ಇಳಿಯದಿರಲೆಂದು ಗೋಧಿ ಬೂಸಾ ಹೆಚ್ಚಿಸಿದೆ. ಹಾಸು ಒಣಗಿತು, ಟಗರುಗಳ ಮೈ ಮಿರಮಿರ ಮಿಂಚಿತು. ಸೊಸೆಯ ಕೈಗೆ ಬಂದ ಮೇಲೆ ದೊಡ್ಡಿ ಅಡುಗೆಮನೆಗಿಂತ ಚೊಕ್ಕವಾಗಿದೆ ಎಂದು ಅತ್ತೆ ಪಕ್ಕದ ಮನೆಯವಳ ಮುಂದೆ ಹೇಳಿದ್ದನ್ನು ಗೋಡೆಯಾಚೆಯಿಂದ ಕೇಳಿಸಿಕೊಂಡೆ. ಈ ಉಪಾಯ ಶುರುಮಾಡಿ ಈಗ ಎರಡು ತಿಂಗಳು.

ಈಗ ತಿಣುಕುತ್ತಿದ್ದ ಟಗರು ಅತ್ತೆ ಬಾಟಲಿ ಹಾಲು ಕುಡಿಸಿ ಬೆಳೆಸಿದ್ದು. ಮನೆಯ ಹಿರಿಮಗ ಅದೇ, ತಾನು ಎರಡನೆಯವನು ಎಂದು ನನ್ನ ಗಂಡ ನಗಾಡುತ್ತಿದ್ದ.

ಅತ್ತೆ ದನದ ಡಾಕ್ಟ್ರಮ್ಮನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. ಆಕೆ ಎಲ್ಲೋ ಹಸುವಿನ ಹೆರಿಗೆಯಲ್ಲಿದ್ದರು. ಮೇವು ಏನು ಎಂದು ಕೇಳಿದರು. ಹುಲ್ಲು, ಹಿಡಿ ಬೂಸಾ, ಉಪ್ಪು, ಹೊಟ್ಟೆ ತುಂಬ ನೀರು ಎಂದು ಅತ್ತೆ ಒಪ್ಪಿಸಿದರು. ತಾವೇ ಹಾಕಿಕೊಟ್ಟ ಕ್ರಮ, ಅದು ಬದಲಾಗಿದ್ದು ಅವರಿಗೆ ಗೊತ್ತಿರಲಿಲ್ಲ. ಹಾಗಾದರೆ ಇನ್ನೊಂದು ಟಗರು ಗುಮ್ಮಿರಬೇಕು, ನಾಳೆ ಬೆಳಿಗ್ಗೆ ಬರುತ್ತೇನೆ ಎಂದರು ಡಾಕ್ಟ್ರಮ್ಮ.

ನಾಳೆ ಬೆಳಿಗ್ಗೆ. ಸುಮ್ಮನಿದ್ದರೆ ಟಗರು ಸಾಯುತ್ತದೆ, ಯಾರಿಗೂ ತಿಳಿಯುವುದಿಲ್ಲ. ಬಾಯಿಬಿಟ್ಟರೆ ಈ ಮನೆಯಲ್ಲಿ ನಾನು ಏನಾಗುತ್ತೇನೋ.

"ಡಾಕ್ಟ್ರಮ್ಮ, ಫೋನ್ ಇಡಬೇಡಿ," ಎಂದೆ. "ಎರಡು ತಿಂಗಳಿಂದ ಹುಲ್ಲು ಕಡಿಮೆ, ಬೂಸಾನೇ ಜಾಸ್ತಿ ಹಾಕ್ತಿದೀನಿ. ಉಪ್ಪು ತೆಗೆದಿಟ್ಟಿದೀನಿ. ನೀರು ಒಂದೇ ಹೊತ್ತು. ಇವತ್ತು ಉಚ್ಚೇನೇ ಹೊಯ್ದಿಲ್ಲ."

ಅತ್ತೆ ನನ್ನತ್ತ ತಿರುಗಲಿಲ್ಲ. ಫೋನನ್ನೇ ನೋಡುತ್ತಿದ್ದರು.

"ಈಗ್ಲೇ ಹೊರಟೆ," ಎಂದಿತು ಫೋನು. "ಹೊಟ್ಟೆ ಒತ್ತಬೇಡಿ. ಒಳಗೆ ಉಚ್ಚೆ ಚೀಲ ಒಡೆದು ಹೋಗುತ್ತೆ."

ಬೆಳಗಿನಿಂದ ಮೂರು ಸಲ ಒತ್ತಿದ್ದ ಅತ್ತೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

ಡಾಕ್ಟ್ರಮ್ಮ ಬಂದು ಟಗರನ್ನು ಪೃಷ್ಠದ ಮೇಲೆ ಕೂರಿಸಲು ಹೇಳಿದರು. ಅತ್ತೆ ಒಂದು ಕಡೆ, ನಾನೊಂದು ಕಡೆ ಹಿಡಿದೆವು. ಅದರ ಶಿಶ್ನದ ತುದಿಯಲ್ಲಿ ಎರೆಹುಳದಂಥ ಸಣ್ಣ ಎಳೆಯಿತ್ತು. ಅದರೊಳಗೆ ಮರಳು ಮರಳಾದ ಕಲ್ಲು ಸಿಕ್ಕಿಕೊಂಡಿತ್ತು. ಆಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಆ ಎಳೆಯನ್ನು ಕತ್ತರಿಸಿದರು. ಮೊದಲು ಕೆಂಪು ಹನಿಗಳು, ಆಮೇಲೆ ದಾರದಷ್ಟು ಸಣ್ಣ ಧಾರೆ. ಬೂಸಾ ಅತಿಯಾದರೆ ಒಳಗೆ ಕಲ್ಲು ಕಟ್ಟುತ್ತದೆ, ನೀರು ಕಡಿಮೆಯಾದರೆ ಅದು ಸಿಮೆಂಟಿನಂತೆ ಗಟ್ಟಿಯಾಗುತ್ತದೆ ಎಂದರು. ಮೂತ್ರನಾಳದಲ್ಲಿ ಇನ್ನೂ ಮೇಲೆ ಕಲ್ಲಿರಬಹುದು, ಉಳಿಯುತ್ತದೆಂದು ಈಗಲೇ ಹೇಳಲಾರೆ ಎಂದರು. ಕೈ ತೊಳೆಯುತ್ತ, ಉಳಿದ ಮೂರು ಇವತ್ತು ಉಚ್ಚೆ ಹೊಯ್ದವೇ ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಇಡೀ ದಿನ ಒಂದನ್ನೇ ನೋಡಿದ್ದೆ.

ಡಾಕ್ಟ್ರಮ್ಮ ಹೋದ ಮೇಲೆ ಬೈಗುಳಕ್ಕೆ ಕಾದೆ. ಬರಲಿಲ್ಲ. ಅತ್ತೆ ಟಗರಿನ ಪಕ್ಕ ನೆಲದ ಮೇಲೆ ಕೂತು, "ಇದನ್ನ ನಾನು ನೋಡ್ಕೋತೀನಿ. ನೀನು ಆ ಮೂರರ ಹಿಂದೆ ನಿಲ್ಲು. ಕಣ್ಣು ಮಿಟುಕಿಸಬೇಡ," ಎಂದರು.

ಸಂಜೆಯೊಳಗೆ ಎರಡು ಹೊಯ್ದವು. ಮೂರನೆಯದು ಹಿಂಗಾಲು ಅಗಲಿಸಿತು. ಬೆನ್ನು ಮೆಲ್ಲಗೆ ಬಾಗಿತು. ನಾನು ಐವತ್ತರವರೆಗೆ ಎಣಿಸಿದೆ, ಮತ್ತೆ ಐವತ್ತು. ಏನೂ ಬೀಳಲಿಲ್ಲ. ಬಾಲ ಅದುರತೊಡಗಿತು.

"ಅತ್ತೆ," ಎಂದು ಕರೆದೆ. ಇನ್ನೊಮ್ಮೆ, ಜೋರಾಗಿ ಕರೆದೆ.